ಅಂಗವಿಕಲರ ಅರ್ಜಿಯಲ್ಲಿ ಬರುವ ಮಾತುಗಳು



ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕಿ ಎರಡು ಬೆರಳು ಕಳೆದುಕೊಂಡ ಒಬ್ಬ ರೈತನಿದ್ದಾನೆಂದು ಇಟ್ಟುಕೊಳ್ಳಿ. ಕುಡುಗೋಲು ಹಿಡಿಯಲಾರ, ಹಾಲು ಕರೆಯಲಾರ. ತನ್ನ ದುಡಿಮೆಯೆಲ್ಲ ಹೋಯಿತು, ತಾನು ನೂರಕ್ಕೆ ನೂರು ಅಂಗವಿಕಲ ಎಂದು ಅವನ ಎಣಿಕೆ. ವೈದ್ಯರು ಕೊಟ್ಟ ಪತ್ರದಲ್ಲಾದರೋ ನಲವತ್ತಕ್ಕಿಂತ ಕಡಿಮೆ ಅಂಕಿ. ಮೋಸವಾಯಿತೆಂದು ಅವನಿಗೆ ಸಿಟ್ಟು. ಮೋಸವೇನೂ ಆಗಿರಲಿಕ್ಕಿಲ್ಲ, ಮನೆಯಲ್ಲಿ ಆಡುವ ಮಾತಿಗೂ ಕಾಗದದ ಮಾತಿಗೂ ಅರ್ಥ ಬೇರೆ, ಅಷ್ಟೆ.

ಮೊದಲು 'ಶೇಕಡಾ' ಎಂಬುದನ್ನು ನೋಡೋಣ. ನಿಮ್ಮಿಂದ ಎಷ್ಟು ಕೆಲಸ ಆಗದು ಎಂಬುದನ್ನು ಇದು ಹೇಳುವುದಿಲ್ಲ. ದೇಹದ ಶಕ್ತಿ ಎಷ್ಟು ಕುಂದಿದೆ ಎಂದು ಸರ್ಕಾರದ ಮಾರ್ಗಸೂಚಿ ಹಿಡಿದು ವೈದ್ಯರು ಅಳೆದ ಅಂಕಿ ಇದು. ಎರಡು ತೊಂದರೆಗಳಿದ್ದರೆ ಅಂಕಿಗಳನ್ನು ನೇರವಾಗಿ ಕೂಡುವುದಿಲ್ಲ. ಕಾಲಿಗೆ 30, ಕಿವಿಗೆ 30 ಬಂದಿತೆನ್ನಿ. 90ರಲ್ಲಿ 30 ಕಳೆದರೆ 60. ಅದನ್ನು ಇನ್ನೊಂದು 30ರಿಂದ ಗುಣಿಸಿ 90ರಿಂದ ಭಾಗಿಸಿದರೆ 20. ಮೊದಲಿನ 30ಕ್ಕೆ ಇದನ್ನು ಸೇರಿಸಿದರೆ 50. ಅರವತ್ತಾಗಲಿಲ್ಲ, ನಿಜ. ಆದರೆ ಒಂದೊಂದಾಗಿ ಸಾಲದಿದ್ದುದು ಎರಡೂ ಸೇರಿ ನಲವತ್ತನ್ನು ದಾಟಿತು. ಆದ್ದರಿಂದ ಕಾಲು ತೋರಿಸಲು ಹೋದವರು ಕಿವಿಯ ಮಾತನ್ನು ಮರೆಯಬೇಡಿ. "ಅದು ಹಳೇದು, ಬಿಡಿ" ಎನ್ನುವುದು ನಮ್ಮ ಹಿರಿಯರ ವಾಡಿಕೆ. ಇಲ್ಲಿ ಅದರಿಂದ ನಷ್ಟವೇ.

ನಲವತ್ತಕ್ಕೆ ಇಷ್ಟು ಬೆಲೆ ಏಕೆ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಶೇ. 40 ಮತ್ತು ಅದಕ್ಕೂ ಮೇಲ್ಪಟ್ಟುದನ್ನು ಒಂದು ಗಡಿಯಾಗಿ ಇರಿಸಿದೆ. 'ಮಾನದಂಡ ಅಂಗವೈಕಲ್ಯ' ಎಂದು ಕಾಗದದಲ್ಲಿ ಕಂಡರೆ ಅದೇ ಇದು. ನಮ್ಮ ರಾಜ್ಯದ ಮಾಸಾಶನಕ್ಕೂ ಇದೇ ಮೆಟ್ಟಿಲು; ಶೇ. 75ರ ಮೇಲಿದ್ದರೆ ದರ ಹೆಚ್ಚು. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಗೆ ಶೇ. 80 ಬೇಕು, ಬಡತನ ರೇಖೆಯ ಕೆಳಗೂ ಇರಬೇಕು. ಗುರುತಿನ ಚೀಟಿಯ ಬಣ್ಣದಲ್ಲೂ ಅಂಕಿ ತಿಳಿಯುತ್ತದೆ: ನಲವತ್ತರ ಕೆಳಗೆ ಬಿಳಿ, 40ರಿಂದ 79ರವರೆಗೆ ಹಳದಿ, 80ರ ಮೇಲೆ ನೀಲಿ.

'ನಿರ್ದಿಷ್ಟ ಅಂಗವೈಕಲ್ಯ' ಎಂದರೆ ಕಾಯಿದೆಯ ಪಟ್ಟಿಯಲ್ಲಿ ಹೆಸರಿರುವುದು. 1995ರ ಕಾಯಿದೆಯಲ್ಲಿ ಇವು 7 ಇದ್ದವು, ಈಗ 21. ಕೈಕಾಲು ನೆಟ್ಟಗಿರುವವರೂ ಇದರಲ್ಲಿ ಬರುತ್ತಾರೆ: ತಲಸ್ಸೇಮಿಯಾದಂಥ ರಕ್ತದ ರೋಗದವರು, ಪಾರ್ಕಿನ್‌ಸನ್ ರೋಗದಿಂದ ಕೈ ನಡುಗುವವರು, ಆಸಿಡ್ ದಾಳಿಗೆ ತುತ್ತಾದವರು. ಬುದ್ಧಿಮಾಂದ್ಯತೆ ಬೇರೆ, ಮಾನಸಿಕ ರೋಗ ಬೇರೆ. ನಾವು ಎರಡಕ್ಕೂ ಒಂದೇ ಮಾತು ಬಳಸುತ್ತೇವೆ. ಅರ್ಜಿಯಲ್ಲಿ ಹಾಗೆ ಬರೆಸಬೇಡಿ.

ಪತ್ರ ಕೈಗೆ ಬಂದೊಡನೆ 'ಶಾಶ್ವತ' ಎಂದಿದೆಯೋ 'ತಾತ್ಕಾಲಿಕ' ಎಂದಿದೆಯೋ ಓದಿಸಿ. ತಾತ್ಕಾಲಿಕವಾದರೆ ಅದಕ್ಕೊಂದು ಕೊನೆಯ ದಿನಾಂಕವಿರುತ್ತದೆ. ಪಂಚಾಂಗದಲ್ಲೋ ಗೋಡೆಯ ಕ್ಯಾಲೆಂಡರಿನಲ್ಲೋ ಅದನ್ನು ಗುರುತು ಮಾಡಿಡಿ. ಆ ದಿನ ಕಳೆಯುವ ಮುನ್ನ ಮತ್ತೆ ತಪಾಸಣೆ ಮಾಡಿಸಿಕೊಳ್ಳಬೇಕು.

ಅನೇಕರು ಎಡವುವುದು ಇಲ್ಲಿ. ಪ್ರಮಾಣಪತ್ರ ಬಂದಿತು, ಇನ್ನು ಹಣ ತಾನಾಗಿ ಬರುತ್ತದೆ ಎಂದು ತಿಂಗಳುಗಟ್ಟಲೆ ಕಾಯುತ್ತಾರೆ. ಪ್ರಮಾಣಪತ್ರ ಆಸ್ಪತ್ರೆಯ ಬಾಗಿಲು, ಮಾಸಾಶನ ಕಂದಾಯ ಇಲಾಖೆಯ ಬಾಗಿಲು. ನಾಡಕಚೇರಿಯಲ್ಲಿ ಬೇರೆ ಅರ್ಜಿ ಕೊಡಬೇಕು. ಅಲ್ಲಿ ಆದಾಯ, ವಾಸಸ್ಥಳ ಇವನ್ನೂ ನೋಡುತ್ತಾರೆ. ಹಣ ಕೊಡಲು ಒಪ್ಪಿದ ಕಾಗದಕ್ಕೆ 'ಮಂಜೂರಾತಿ ಆದೇಶ' ಎಂದು ಹೆಸರು. ಅದರ ಒಂದು ಪ್ರತಿ ಮನೆಯಲ್ಲಿರಲಿ.

ನಿಮಗೆ ನಿರ್ದಿಷ್ಟ ಅಂಗವೈಕಲ್ಯವಿಲ್ಲ ಎಂದು ವೈದ್ಯಾಧಿಕಾರಿಗಳು ತೀರ್ಮಾನಿಸಿದರೆ ಅದನ್ನು ಬರಹದಲ್ಲಿ ತಿಳಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಬಾಯಿಮಾತು ಕೇಳಿ ಮನೆಗೆ ಮರಳಬೇಡಿ. ತೀರ್ಮಾನ ಸರಿಯಲ್ಲವೆನಿಸಿದರೆ 90 ದಿನಗಳೊಳಗೆ 'ಮೇಲ್ಮನವಿ' ಸಲ್ಲಿಸಬಹುದು. ಅದಕ್ಕೂ ಆ ಬರಹವೇ ಬೇಕು. ಬರೆಯಲು ಬಾರದವರು ತಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ವಿ.ಆರ್.ಡಬ್ಲ್ಯು. ಎಂದರೆ ಎಲ್ಲರಿಗೂ ಗೊತ್ತು. ಹೋಗುವಾಗ ಆಸ್ಪತ್ರೆಯ ಹಳೆಯ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.