ದೊಡ್ಡ ಪರದೆ ಮನೆಗೆ ಬರುವ ಮುನ್ನ



ಟಿ.ವಿ. ನೋಡಬಹುದೇ, ನೋಡಬಾರದೇ ಎಂಬ ಚರ್ಚೆಯಲ್ಲಿ ನಮ್ಮ ಹಿರಿಯರು ಹಲವು ವರ್ಷಗಳನ್ನು ಕಳೆದರು. ವಿದ್ವಾಂಸರಲ್ಲಿ ಈ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯವಿದೆ. ಅದರ ತೀರ್ಪು ನೀಡುವುದು ಈ ಲೇಖನದ ಉದ್ದೇಶವಲ್ಲ. ಆದರೆ ನಾವು ಚರ್ಚಿಸುತ್ತಿದ್ದಂತೆಯೇ ಅದು ನಮ್ಮ ಮನೆಗಳಿಗೆ ಬಂದು ಕುಳಿತಿದೆ. ಮೊದಲು ಮೂಲೆಯ ಪೆಟ್ಟಿಗೆಯಾಗಿ ಬಂತು, ಈಗ ಇಡೀ ಗೋಡೆಯಾಗಿ ಬರುತ್ತಿದೆ. ಬಂದಿರುವುದನ್ನು ಕಂಡೂ ಕಾಣದಂತೆ ಇರುವುದಕ್ಕಿಂತ, ಅದರೊಂದಿಗೆ ಹೇಗೆ ಬಾಳಬೇಕೆಂದು ಯೋಚಿಸುವುದು ಮನೆಯ ಹೊಣೆ ಹೊತ್ತವರ ಕರ್ತವ್ಯವಲ್ಲವೇ? ಮನೆಯ ಯಜಮಾನನನ್ನು ಕುರಿಗಾಹಿಗೆ ಹೋಲಿಸಿದ ಪ್ರವಾದಿವರ್ಯರ(ಸ) ಉಪದೇಶ ನಮಗೆಲ್ಲ ತಿಳಿದದ್ದೇ.

ನನ್ನ ಮನೆಯ ವಿಷಯದಿಂದಲೇ ಆರಂಭಿಸುತ್ತೇನೆ. ದಮಾಮ್‌ನಲ್ಲಿರುವ ನನ್ನ ತಮ್ಮ ಕಳೆದ ವರ್ಷ ರಜೆಯಲ್ಲಿ ಊರಿಗೆ ಬರುವಾಗ, "ಅಣ್ಣಾ, 65 ಇಂಚಿನ ಒಂದು ಟಿ.ವಿ. ತರುತ್ತೇನೆ" ಎಂದ. ಮಕ್ಕಳು ಕುಣಿದರು. ನನಗೂ ಸಂತೋಷವಾಗದೆ ಇರಲಿಲ್ಲ. ಆದರೆ ತಂದುಬಿಡುವ ಮೊದಲು ಕೆಲವು ವಿಷಯಗಳನ್ನು ವಿಚಾರಿಸಿದೆ. ಗಲ್ಫಿನಿಂದ ಬರುವವರ ಸಾಮಾನಿಗೆ ಸಿಗುವ ಸುಂಕವಿನಾಯಿತಿಯಿಂದ ಚಪ್ಪಟೆ ಪರದೆಯ ಟಿ.ವಿ.ಗಳನ್ನು ನಮ್ಮ ಸರಕಾರ 2013ರ ಆಗಸ್ಟ್‌ನಲ್ಲಿ ಹೊರಗಿಟ್ಟಿತು. ಅಲ್ಲಿ ಅಗ್ಗವೆಂದು ಕೊಂಡದ್ದು ಇಲ್ಲಿ ಸುಂಕ ಸೇರಿದಾಗ ಅಗ್ಗವಾಗಿ ಉಳಿಯುವುದಿಲ್ಲ. ಅಲ್ಲಿ ಕೊಂಡದ್ದಕ್ಕೆ ಇಲ್ಲಿನ ಸೇವಾ ಕೇಂದ್ರದಲ್ಲಿ ವಾರಂಟಿ ಸಿಗುವುದೂ ಖಚಿತವಿಲ್ಲ. ಇತ್ತ ನಮ್ಮ ದೇಶದಲ್ಲಿ 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಆದ್ದರಿಂದ ಊರಿನಲ್ಲೇ ಕೊಳ್ಳುವುದೆಂದು ತೀರ್ಮಾನಿಸಿದೆವು.

ಗಾತ್ರದ ಲೆಕ್ಕ

ಅಂಗಡಿಯ ವಿಶಾಲ ಕೋಣೆಯಲ್ಲಿ 65 ಇಂಚಿನ ಪರದೆಯೂ ಚಿಕ್ಕದಾಗಿ ಕಾಣುತ್ತದೆ. ಮನೆಯ ಅಳತೆ ಬೇರೆ. ಟಿ.ವಿ.ಯ ಇಂಚು ಎಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದ ಉದ್ದ. 65 ಇಂಚಿನ ಪರದೆ ಸುಮಾರು 144 ಸೆಂಟಿಮೀಟರ್ ಅಗಲ, 81 ಸೆಂಟಿಮೀಟರ್ ಎತ್ತರವಿರುತ್ತದೆ. ನಾನು ಹಳೆಯ ವಾರ್ತಾಪತ್ರಿಕೆಗಳನ್ನು ಈ ಅಳತೆಗೆ ಅಂಟಿಸಿ ಗೋಡೆಗೆ ಹಚ್ಚಿದೆ. ಅದನ್ನು ನೋಡಿದ ನನ್ನ ಪತ್ನಿ ಹೇಳಿದ್ದು ಇಷ್ಟೇ: "ಇದು ಟಿ.ವಿ.ಯೋ, ಬಾಗಿಲೋ?" ನೀವೂ ಹೀಗೆ ಮಾಡಿ ನೋಡಿ. ಖರ್ಚಿಲ್ಲದ ಪರೀಕ್ಷೆಯಿದು.

ಕುಳಿತುಕೊಳ್ಳುವ ದೂರಕ್ಕೆ ಒಂದು ಸುಲಭ ಲೆಕ್ಕವಿದೆ. ಇಂಚುಗಳನ್ನು ಏಳೂವರೆಯಿಂದ ಭಾಗಿಸಿದರೆ ಹಿತವಾದ ದೂರ ಅಡಿಗಳಲ್ಲಿ ಸಿಗುತ್ತದೆ. 43 ಇಂಚಿಗೆ ಆರಡಿಗೆ ತುಸು ಕಡಿಮೆ, 55 ಇಂಚಿಗೆ ಏಳೂಕಾಲು, 65 ಇಂಚಿಗೆ ಎಂಟೂವರೆ ಅಡಿಗಿಂತ ತುಸು ಹೆಚ್ಚು. ಸಿನಿಮಾ ಮಂದಿರದಂತೆ ಕಣ್ತುಂಬ ನೋಡಬೇಕೆನ್ನುವವರು ಇನ್ನೂ ಹತ್ತಿರ ಕುಳಿತಾರು. ಆದರೆ ವಾರ್ತೆ ಕೇಳುವ ವೃದ್ಧರೂ ಪಾಠ ನೋಡುವ ಮಕ್ಕಳೂ ಇರುವ ಮನೆಗೆ ಈ ಲೆಕ್ಕ ಸಾಕು. ನಮ್ಮ ಹಾಲ್‌ನಲ್ಲಿ ಆಸನದಿಂದ ಗೋಡೆಗೆ ಏಳಡಿ. ನಾವು 50 ಇಂಚಿನದನ್ನು ತಂದೆವು.

ಇನ್ನೊಂದು ವಿಷಯ. ಪೂರ್ಣ ಎಚ್.ಡಿ. ಪರದೆಯಲ್ಲಿ ಸುಮಾರು 20 ಲಕ್ಷ ಬಿಂದುಗಳಿದ್ದರೆ 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಬಿಂದುಗಳಿರುತ್ತವೆ. ಆದರೆ ನಿಮ್ಮ ಮನೆಗೆ ಬರುವುದು ಕೇಬಲ್‌ನ ಸಾಧಾರಣ ಚಿತ್ರವೇ ಆಗಿದ್ದರೆ, ದೊಡ್ಡ 4ಕೆ ಪರದೆಯಲ್ಲಿ ಅದು ಹಿಗ್ಗಿಸಿದ ಬಟ್ಟೆಯಂತೆ ಮಸುಕಾಗಿ ಕಾಣುತ್ತದೆ. ಪಾತ್ರೆ ದೊಡ್ಡದಾದ ಮಾತ್ರಕ್ಕೆ ಸಾರು ಹೆಚ್ಚಾಗುವುದಿಲ್ಲ. ಅಂತರ್ಜಾಲದಿಂದ 4ಕೆ ಚಿತ್ರ ನೋಡಿದರೆ ಗಂಟೆಗೆ 7 ಜಿ.ಬಿ.ಯವರೆಗೂ ಡೇಟಾ ಖರ್ಚಾಗಬಹುದು. ಮೊಬೈಲಿನ ಡೇಟಾವನ್ನೇ ನಂಬಿದ ಮನೆಗಳು ಇದನ್ನು ಗಮನಿಸಬೇಕು.

ಎಲ್.ಇ.ಡಿ., ಕ್ಯೂ.ಎಲ್.ಇ.ಡಿ., ಓ.ಎಲ್.ಇ.ಡಿ. ಎಂಬ ಹೆಸರುಗಳಿಗೆ ಬೆರಗಾಗಬೇಕಿಲ್ಲ. ಮೊದಲ ಎರಡರಲ್ಲಿ ಪರದೆಯ ಹಿಂದೆ ದೀಪಗಳಿರುತ್ತವೆ, ಕ್ಯೂ.ಎಲ್.ಇ.ಡಿ.ಯಲ್ಲಿ ಬಣ್ಣವನ್ನು ಹೆಚ್ಚಿಸುವ ಒಂದು ಪದರವಿರುತ್ತದೆ. ಓ.ಎಲ್.ಇ.ಡಿ.ಯಲ್ಲಿ ಪ್ರತಿ ಬಿಂದುವೂ ತಾನೇ ಬೆಳಗುತ್ತದೆ. ಕಪ್ಪು ಬಣ್ಣ ನಿಜವಾಗಿಯೂ ಕಪ್ಪಾಗಿ ಕಾಣುತ್ತದೆ. ಆದರೆ ಬೆಲೆ ಹೆಚ್ಚು. ವಾರ್ತಾವಾಹಿನಿಯ ಲಾಂಛನದಂತಹ ಅಲುಗದ ಚಿತ್ರ ದಿನವಿಡೀ ಇದ್ದರೆ ಅದರ ಕಲೆ ಪರದೆಯಲ್ಲಿ ಉಳಿಯುವ ಅಪಾಯವೂ ಇದೆ. ಹಳೆಯ ಟಿ.ವಿ.ಯ ಚಿತ್ರ ಇನ್ನೂ ಚೆನ್ನಾಗಿದ್ದು ಅದರಲ್ಲಿ ಎಚ್.ಡಿ.ಎಂ.ಐ. ಕಿಂಡಿ ಇದ್ದರೆ, ಒಂದು ಸಣ್ಣ ಸ್ಟಿಕ್ ಸಿಕ್ಕಿಸಿದರೆ ಅದೇ ಸ್ಮಾರ್ಟ್ ಆಗುತ್ತದೆ. ಅಗತ್ಯವಿಲ್ಲದೆ ಹೊಸದನ್ನು ಕೊಳ್ಳುವುದು ದುಂದುವೆಚ್ಚವಲ್ಲದೆ ಮತ್ತೇನು?

'ಬಡ್ಡಿ ಇಲ್ಲದ' ಕಂತು

ಅಂಗಡಿಯ ಹುಡುಗ ನಗುತ್ತಾ ಹೇಳುವ ಮಾತೊಂದಿದೆ: "ಸಾರ್, ನೋ ಕಾಸ್ಟ್ ಇಎಂಐ. ಬಡ್ಡಿಯೇ ಇಲ್ಲ." ಬಡ್ಡಿಯ ಹೆಸರು ಕೇಳಿದರೆ ಹಿಂದೆ ಸರಿಯುವ ನಾವು ಈ ಮಾತಿಗೆ ಸಮಾಧಾನಪಟ್ಟು ಸಹಿ ಹಾಕುತ್ತೇವೆ. ಸ್ವಲ್ಪ ತಡೆಯಿರಿ. ಬಡ್ಡಿಯೇ ಇಲ್ಲದ ಸಾಲವೆಂಬುದು ಬ್ಯಾಂಕಿನ ವ್ಯವಹಾರದಲ್ಲಿ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿತ್ತು. ಇಂತಹ ಯೋಜನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಬ್ಯಾಂಕು ಬಡ್ಡಿ ಹಾಕುತ್ತದೆ. ಅಷ್ಟೇ ಮೊತ್ತವನ್ನು ಮಾರುವವನು ರಿಯಾಯಿತಿಯೆಂದು ಬೆಲೆಯಲ್ಲಿ ಕಳೆಯುತ್ತಾನೆ. ಅಥವಾ ನಗದು ಕೊಡುವವನಿಗೆ ಸಿಗುವ ರಿಯಾಯಿತಿ ನಿಮಗೆ ಸಿಗುವುದಿಲ್ಲ. ಇದರ ಮೇಲೆ ಪ್ರೊಸೆಸಿಂಗ್ ಶುಲ್ಕ ಬೇರೆ.

ಆದ್ದರಿಂದ ಎರಡು ಪ್ರಶ್ನೆ ಕೇಳಿ. ಒಂದು, ಈಗಲೇ ಪೂರ್ತಿ ಹಣ ಕೊಟ್ಟರೆ ಬೆಲೆಯೆಷ್ಟು? ಎರಡು, ನಾನು ಸಹಿ ಹಾಕುವ ಪತ್ರದಲ್ಲಿ ಬಡ್ಡಿಯ ದರವೆಂದು ಏನು ಬರೆದಿದೆ? ಉತ್ತರ ಸಿಕ್ಕ ಮೇಲೆ ನಿಮ್ಮೂರಿನ ಬಲ್ಲ ಉಸ್ತಾದರಲ್ಲಿ ವಿಚಾರಿಸಿ. ನನ್ನ ಮಟ್ಟಿಗೆ ಹೇಳುವುದಾದರೆ, ಟಿ.ವಿ. ಇಲ್ಲದೆ ಆರು ತಿಂಗಳು ಕಾದರೆ ಯಾರೂ ಹಸಿವಿನಿಂದ ಸಾಯುವುದಿಲ್ಲ. ನಾವು ಹಾಗೆಯೇ ಕಾದೆವು.

ಎಲ್ಲಿಡಬೇಕು?

ಮಲಗುವ ಕೋಣೆಯಲ್ಲಿ ಬೇಡ. ಎಲ್ಲರೂ ಓಡಾಡುವ ಹಾಲ್‌ನಲ್ಲಿರಲಿ. ಕಿಟಕಿಗೆ ಎದುರಾಗಿ ಇಟ್ಟರೆ ಹಗಲಿನಲ್ಲಿ ಚಿತ್ರದ ಬದಲು ಕಿಟಕಿಯೇ ಕಾಣುತ್ತದೆ. ಕುಳಿತವರ ಕಣ್ಣಿನ ಮಟ್ಟದಲ್ಲಿರಲಿ. ತೀರಾ ಮೇಲಿದ್ದರೆ ಕತ್ತು ನೋಯುತ್ತದೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಹೆಂಗಸರು ನಮಾಝ್ ಮಾಡುವುದೂ ಅದೇ ಹಾಲ್‌ನಲ್ಲಿ. ಕಿಬ್ಲಾದ ಗೋಡೆಗೆ ಟಿ.ವಿ. ತೂಗಿಸಬೇಡಿ. ಆರಿಸಿದ್ದರೂ ಆ ಕಪ್ಪು ಗಾಜಿನಲ್ಲಿ ನಮಾಝ್ ಮಾಡುವವರ ಪ್ರತಿಬಿಂಬವೇ ಕಾಣಿಸಿ ಮನಸ್ಸು ಕದಡುತ್ತದೆ.

ತೆವಳುವ, ಹಿಡಿದು ನಿಲ್ಲುವ ಮಗುವಿದ್ದರೆ ಮೇಜಿನ ಮೇಲೆ ಸುಮ್ಮನೆ ನಿಲ್ಲಿಸಬೇಡಿ. ದೊಡ್ಡ ಪರದೆ ಮಗುವಿನ ಮೇಲೆ ಮಗುಚಿ ಪ್ರಾಣಾಪಾಯವಾದದ್ದುಂಟು. ಗೋಡೆಗೆ ಭದ್ರವಾಗಿ ಬಿಗಿಸಿ, ಇಲ್ಲವೇ ಪಟ್ಟಿಯಿಂದ ಕಟ್ಟಿ. ನಮ್ಮ ಕರಾವಳಿಯಲ್ಲಿ ಗುಡುಗು ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರಷ್ಟೇ ಸಾಲದು. ಗುಡುಗು ಆರಂಭವಾಗುವ ಮೊದಲೇ ಪ್ಲಗ್ಗನ್ನೂ ಕೇಬಲನ್ನೂ ಕಳಚಿಡಿ. ಇನ್ನು ಕರೆಂಟಿನ ಲೆಕ್ಕ: 100 ವ್ಯಾಟಿನ ಟಿ.ವಿ. ದಿನಕ್ಕೆ ಐದು ಗಂಟೆ ನಡೆದರೆ ತಿಂಗಳಿಗೆ 15 ಯೂನಿಟ್ ಆಗುತ್ತದೆ.

ನಾವು ನೋಡುವ ಟಿ.ವಿ., ನಮ್ಮನ್ನು ನೋಡುವ ಟಿ.ವಿ.

ಹಳೆಯ ಟಿ.ವಿ. ತೋರಿಸುತ್ತಿತ್ತು ಮಾತ್ರ. ಸ್ಮಾರ್ಟ್ ಟಿ.ವಿ. ಗಮನಿಸುತ್ತದೆ ಕೂಡ. ಪರದೆಯಲ್ಲಿ ಏನು ಬರುತ್ತಿದೆಯೆಂದು ಗುರುತಿಸಿ ಕಂಪೆನಿಗೆ ತಿಳಿಸುವ ವ್ಯವಸ್ಥೆ ಹಲವು ಟಿ.ವಿ.ಗಳಲ್ಲಿದೆ. ಅಮೆರಿಕದಲ್ಲಿ ವಿಝಿಯೋ ಎಂಬ ಕಂಪೆನಿ 1 ಕೋಟಿ 10 ಲಕ್ಷ ಟಿ.ವಿ.ಗಳಿಂದ ವೀಕ್ಷಕರ ಒಪ್ಪಿಗೆಯಿಲ್ಲದೆ ಇಂತಹ ಮಾಹಿತಿ ಸಂಗ್ರಹಿಸಿತೆಂಬ ಆರೋಪದ ಮೇಲೆ 2017ರಲ್ಲಿ 22 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಳ್ಳಬೇಕಾಯಿತು. ಪರರ ಮನೆಗೆ ಅನುಮತಿ ಕೇಳಿ ಪ್ರವೇಶಿಸಲು ಸೂರಃ ಅನ್ನೂರ್ ಕಲಿಸುತ್ತದೆ. ಪರರ ಗುಟ್ಟನ್ನು ಹುಡುಕಬಾರದೆಂದು ಸೂರಃ ಅಲ್‌ಹುಜುರಾತ್ ಕಲಿಸುತ್ತದೆ. ಇಷ್ಟು ಬೆಲೆಯುಳ್ಳ ಮನೆಯ ಮರ್ಯಾದೆಯನ್ನು ನಾವೇ ಓದದೆ 'ಒಪ್ಪಿದ್ದೇನೆ' ಎಂದು ಒತ್ತಿ ಬಿಟ್ಟುಕೊಡುವುದು ಸರಿಯೇ?

ಟಿ.ವಿ.ಯನ್ನು ಮೊದಲ ಬಾರಿ ಜೋಡಿಸುವಾಗ ಪ್ರತಿಯೊಂದು ಒಪ್ಪಿಗೆಯನ್ನೂ ಓದಿ. ವೀಕ್ಷಣೆಯ ಮಾಹಿತಿ ಮತ್ತು ಜಾಹೀರಾತಿಗೆ ಸಂಬಂಧಿಸಿದವುಗಳನ್ನು ನಿರಾಕರಿಸಿದರೂ ಟಿ.ವಿ. ನಡೆಯುತ್ತದೆ. ಈಗಾಗಲೇ ಒಪ್ಪಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆರಿಸಬಹುದು. ಮಕ್ಕಳಿಗೆ ಪ್ರತ್ಯೇಕ ಪ್ರೊಫೈಲ್ ಮಾಡಿ ಗುಪ್ತ ಸಂಖ್ಯೆ ಹಾಕಿ. ನಿಮ್ಮ ಮೊಬೈಲಿನ ಖಾತೆಯನ್ನೇ ಟಿ.ವಿ.ಗೂ ಕೊಟ್ಟರೆ, ನೀವು ಒಂಟಿಯಾಗಿ ನೋಡಿದ್ದೆಲ್ಲ ಸಲಹೆಯ ರೂಪದಲ್ಲಿ ಮಕ್ಕಳೆದುರು ಬರಬಹುದು ಎಂಬುದನ್ನು ಮರೆಯಬೇಡಿ. ದೃಷ್ಟಿ ತಗ್ಗಿಸಬೇಕಾದವರು ಮಕ್ಕಳು ಮಾತ್ರವಲ್ಲ.

ಒಂದು ಸಂಜೆ

ಇಷ್ಟೆಲ್ಲ ಎಚ್ಚರ ವಹಿಸಿದ ನಾನೇ ಎಡವಿದ್ದನ್ನು ಈಗ ಹೇಳಬೇಕು. ನಮ್ಮ ಮನೆಯಲ್ಲಿ ಮಗ್ರಿಬ್ ಮತ್ತು ಇಶಾದ ನಡುವಿನ ಹೊತ್ತು ಉಮ್ಮನ ಹೊತ್ತು. ಮಕ್ಕಳು ಓದಿ ಮುಗಿಸಿ ಅವರ ಸುತ್ತ ಕುಳಿತುಕೊಳ್ಳುತ್ತಿದ್ದರು. ಟಿ.ವಿ. ಬಂದ ಎರಡು ವಾರಗಳಲ್ಲಿ ಆ ಹೊತ್ತು ಯಾರಿಗೂ ತಿಳಿಯದಂತೆ ಕರಗಿತು. ನೋಡುತ್ತಿದ್ದುದು ಕೆಟ್ಟದ್ದೇನೂ ಅಲ್ಲ. ಸಮುದ್ರದ ಜೀವಿಗಳ ಕುರಿತ ಸುಂದರ ಚಿತ್ರಗಳು. ಒಂದು ಮುಗಿದರೆ ಇನ್ನೊಂದು ತಾನಾಗಿಯೇ ಆರಂಭವಾಗುತ್ತಿತ್ತು.

ಒಂದು ಸಂಜೆ ಉಮ್ಮ, "ಮಗಾ, ಒಂದು ಮಾತು ಹೇಳಲಿಕ್ಕಿತ್ತು. ಇರಲಿ, ಅದು ಮುಗಿಯಲಿ" ಎಂದರು. ನಾನು ಹೂಂ ಎಂದೆ. ಅದು ಮುಗಿಯಲಿಲ್ಲ. ಮರುದಿನ ಬೆಳಗ್ಗೆ ಅವರು ತಲೆಸುತ್ತಿ ಬಾವಿಕಟ್ಟೆಯ ಬಳಿ ಕುಸಿದು ಕುಳಿತರು. ರಕ್ತದೊತ್ತಡದ ಮಾತ್ರೆ ಮುಗಿದು ಮೂರು ದಿನವಾಗಿತ್ತು. ಹೇಳಲಿಕ್ಕಿದ್ದದ್ದು ಅದೇ. ಅಲ್ಲಾಹನ ಕೃಪೆಯಿಂದ ಹೆಚ್ಚೇನೂ ಆಗಲಿಲ್ಲ. ಆದರೆ ತಂದೆತಾಯಿಯರ ಹಕ್ಕುಗಳ ಬಗ್ಗೆ ಮದ್ರಸದಲ್ಲಿ ಪಾಠ ಹೇಳುವ ನಾನು ಅಂದು ತರಗತಿಯಲ್ಲಿ ಮಾತು ಬಾರದೆ ನಿಂತೆ.

ಅಂದಿನಿಂದ ನಮ್ಮ ಮನೆಯಲ್ಲಿ ನಾಲ್ಕು ನಿಯಮಗಳಿವೆ.

1. ಮಗ್ರಿಬ್‌ನಿಂದ ಇಶಾದವರೆಗೆ ಟಿ.ವಿ.ಯ ಪ್ಲಗ್ ಗೋಡೆಯಲ್ಲಿರುವುದಿಲ್ಲ.

2. ಮುಂದಿನದು ತಾನಾಗಿಯೇ ಆರಂಭವಾಗುವ ವ್ಯವಸ್ಥೆಯನ್ನು ಆರಿಸಿದ್ದೇವೆ. ಏನು ನೋಡುವುದೆಂದು ನಿರ್ಧರಿಸಿಯೇ ಟಿ.ವಿ. ಹಾಕುವುದು, ಹಾಕಿದ ಮೇಲೆ ಹುಡುಕುವುದಲ್ಲ.

3. ಊಟದ ವೇಳೆ ಇಲ್ಲ. ಎರಡು ವರ್ಷ ತುಂಬದ ಕಿರಿಯ ಮಗಳೆದುರು ಹಾಕುವುದಿಲ್ಲ. ಒಂದು ವರ್ಷದ ಮಗುವಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ.

4. ಯಾರಾದರೂ ಮಾತನಾಡಲು ಬಂದರೆ ನಿಲ್ಲಿಸುವ ಗುಂಡಿ ಒತ್ತುವುದು. ಅಝಾನ್ ಕೇಳಿದರೂ ಹಾಗೆಯೇ.

ಕೊನೆಯ ನಿಯಮವನ್ನು ಗಮನಿಸಿ. ದೂರದರ್ಶನದ ಕಾಲದಲ್ಲಿ ಕಾರ್ಯಕ್ರಮ ನಮಗಾಗಿ ಕಾಯುತ್ತಿರಲಿಲ್ಲ. ನಾವೇ ಅದಕ್ಕಾಗಿ ಕಾಯುತ್ತಿದ್ದೆವು. ಈಗಿನ ಹೆಚ್ಚಿನ ಕಾರ್ಯಕ್ರಮಗಳು ನಿಲ್ಲಿಸಿದಲ್ಲಿಯೇ ನಿಂತು ಕಾಯುತ್ತವೆ. "ಇದೊಂದು ಮುಗಿಯಲಿ" ಎಂಬ ನೆಪಕ್ಕೆ ಇನ್ನು ಜಾಗವಿಲ್ಲ. ಚಿತ್ರ ಕಾಯುತ್ತದೆ. ನಮಾಝಿನ ಸಮಯ ಕಾಯುವುದಿಲ್ಲ. ವಯಸ್ಸಾದ ತಾಯಿ ಎಷ್ಟು ದಿನ ಕಾಯುವರೆಂದು ಹೇಳಬಲ್ಲವರು ಯಾರು?

ಮನೆಗೆ ಬಂದ ಅನುಕೂಲಗಳನ್ನು ಹತೋಟಿಯಲ್ಲಿಟ್ಟುಕೊಂಡು ಬಾಳುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.