ಸಾಫಲ್ಯವೂ ಸಾರ್ಥಕ್ಯವೂ

ಅಮರಾಪುರದ ಸೀಮೆಯಲ್ಲಿ ಹುಟ್ಟಿ ಬೆಳೆದು ಹೇಮಾವತಿಗೆ ಹೋಗಿ ಬರದ ಭಕ್ತರು ವಿರಳ. ಇಂದು ಚಿಕ್ಕ ಗ್ರಾಮವಾಗಿ ತೋರುವ ಆ ಊರು ಒಂದು ಕಾಲದಲ್ಲಿ ಹೆಂಜೇರು ಎಂಬ ಹೆಸರಿನಿಂದ ನೊಳಂಬ ಅರಸರ ರಾಜಧಾನಿಯಾಗಿದ್ದಿತು. ಆ ಅರಸರು ಗೆದ್ದ ಕಾಳಗಗಳೆಷ್ಟು, ಕೂಡಿಟ್ಟ ಭಂಡಾರವೆಷ್ಟು ಎಂದು ಇಂದು ಸಿದ್ಧೇಶ್ವರನ ದರ್ಶನಕ್ಕೆ ಬಂದವರಾರೂ ಕೇಳುವುದಿಲ್ಲ. ದೊಡ್ಡೇಶ್ವರನ ಗುಡಿಯ ಕಲ್ಲುಜಾಲಂಧ್ರಗಳನ್ನು ಕೊರೆದ ಶಿಲ್ಪಿಯ ಕೈಚಳಕವನ್ನು ಕಂಡು ಮಾತ್ರ ಎಲ್ಲರೂ ಒಂದು ಕ್ಷಣ ನಿಲ್ಲುತ್ತಾರೆ. ರಾಜ್ಯ ಹೋಯಿತು, ಕೆಲಸ ಉಳಿಯಿತು. ಹಾಗಾದರೆ ಗೆದ್ದವರಾರು? ಮನುಷ್ಯಜೀವನದ ಗೆಲುವನ್ನು ಯಾವ ಕೊಳಗದಿಂದ ಅಳೆಯಬೇಕು?

ಲೌಕಿಕದ ಅಳತೆ

ಊರಿನ ಜಗಲಿಗಳಲ್ಲಿ ಸಾಮಾನ್ಯವಾಗಿ ನಡೆಯುವ ಅಳತೆ ಎಲ್ಲರಿಗೂ ಗೊತ್ತಿರುವುದೇ. ಒಬ್ಬನ ಮಗನಿಗೆ ಸರ್ಕಾರಿ ನೌಕರಿ ಸಿಕ್ಕಿತು, ಅವನು ಗೆದ್ದನು. ಇನ್ನೊಬ್ಬನ ಮಗನು ಪರೀಕ್ಷೆಯಲ್ಲಿ ನಪಾಸಾದನು, ಅವನು ಸೋತನು. ಒಬ್ಬನು ಬೆಂಗಳೂರಿನಲ್ಲಿ ಮನೆ ಕಟ್ಟಿಸಿದನು, ಅವನು ಮುಂದೆ ಬಂದನು. ಇನ್ನೊಬ್ಬನು ತಂದೆಯ ಹೊಲದಲ್ಲಿಯೇ ಉಳಿದನು, ಅವನು ಹಿಂದೆ ಬಿದ್ದನು. ಹೀಗೆ ಒಂದು ದಿನದ ಒಂದು ಫಲವನ್ನು ನೋಡಿ ಇಡೀ ಬಾಳಿನ ತೀರ್ಪನ್ನು ಬರೆದುಬಿಡುವ ಅಭ್ಯಾಸವು ಮನೆಮನೆಗೂ ಹಬ್ಬಿದೆ. ಎಳೆಯ ಮನಸ್ಸಿಗೆ ಇದರಿಂದ ಆಗುವ ಗಾಯವು ಕಣ್ಣಿಗೆ ಕಾಣುವುದಿಲ್ಲ. ‘ನಪಾಸು’ ಎಂಬ ಮಾತು ಉತ್ತರಪತ್ರಿಕೆಗೆ ಸಲ್ಲತಕ್ಕದ್ದು. ಅದನ್ನು ಮಗುವಿನ ಹೆಸರಿಗೆ ಅಂಟಿಸುವುದು ಅನ್ಯಾಯ.

ಸಾಫಲ್ಯ, ಸಾರ್ಥಕ್ಯ ಎಂಬ ಎರಡು ಪದಗಳನ್ನು ಇಲ್ಲಿ ಬೇರ್ಪಡಿಸಿ ನೋಡುವುದು ಯುಕ್ತ. ಫಲದೊಡನೆ ಕೂಡಿದುದು ಸಫಲ; ಅರ್ಥದೊಡನೆ ಕೂಡಿದುದು ಸಾರ್ಥಕ. ಫಲವು ಮನುಷ್ಯನ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ಮಡಕಶಿರಾ, ರಾಯದುರ್ಗಗಳ ಬೆದ್ದಲು ಭೂಮಿಯಲ್ಲಿ ಕಡಲೆಕಾಯಿ ಬಿತ್ತುವ ರೈತನಿಗೆ ಇದನ್ನು ಯಾವ ಪಂಡಿತನೂ ಹೇಳಿಕೊಡಬೇಕಾಗಿಲ್ಲ. ಹದವರಿತು ಉತ್ತು, ಒಳ್ಳೆಯ ಬೀಜವನ್ನೇ ಬಿತ್ತಿದರೂ ಮಳೆ ಕೈಕೊಟ್ಟರೆ ಫಲವಿಲ್ಲ. ಆದರೆ ಆ ರೈತನು ಕೆಟ್ಟ ಬೇಸಾಯಗಾರನೆಂದು ಯಾರೂ ಹೇಳಲಾರರು. ಕರ್ಮದಲ್ಲಿ ಮಾತ್ರ ಮನುಷ್ಯನಿಗೆ ಅಧಿಕಾರ, ಫಲದಲ್ಲಿ ಅಲ್ಲವೆಂದು ಗೀತೆಯ ಎರಡನೆಯ ಅಧ್ಯಾಯವು ಬೋಧಿಸುವ ಮಾತಿನ ಹುರುಳೂ ಇದೇ. ಅದು ಫಲವನ್ನು ಹಳಿಯುವ ಮಾತಲ್ಲ. ಅಳತೆಯ ಕೋಲನ್ನು ಸರಿಯಾದ ಸ್ಥಳದಲ್ಲಿ ಇಡುವ ಮಾತು.

ನೆರೆಯ ನೆಲದ ಒಂದು ನಿದರ್ಶನ

ಈ ತತ್ತ್ವಕ್ಕೆ ದೃಷ್ಟಾಂತವನ್ನು ದೂರ ದೇಶದಲ್ಲಿ ಹುಡುಕಬೇಕಾಗಿಲ್ಲ. ಅನಂತಪುರ ಜಿಲ್ಲೆಯ ಕಂಬದೂರು ಸೀಮೆಯಲ್ಲಿ ರಾಳ್ಲಪಲ್ಲಿ ಎಂಬ ಹಳ್ಳಿಯಿದೆ. ಅಲ್ಲಿ ೧೮೯೩ರಲ್ಲಿ ಜನಿಸಿದ ಅನಂತಕೃಷ್ಣ ಶರ್ಮರು ಎಳೆವಯಸ್ಸಿನಲ್ಲಿಯೇ ಮೈಸೂರನ್ನು ಸೇರಿ, ಪರಕಾಲ ಮಠದ ಸ್ವಾಮಿಗಳ ಆಶ್ರಯದಲ್ಲಿ ಸಂಸ್ಕೃತವನ್ನು ಅಭ್ಯಸಿಸಿದರು. ತೆಲುಗು ಅವರ ಮನೆಯ ಮಾತು. ಆದರೆ ಆ ಭಾಷೆಯ ಸಾಹಿತ್ಯದ ಕಡೆಗೆ ಅವರ ಮನಸ್ಸನ್ನು ತಿರುಗಿಸಿದವರು ಆಗ ಮೈಸೂರಿನಲ್ಲಿ ಅಧ್ಯಾಪಕರಾಗಿದ್ದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು. ಸಂಸ್ಕೃತವೇ ಸಾಕೆಂದು ಶರ್ಮರು ಕುಳಿತುಕೊಳ್ಳಲಿಲ್ಲ. ಹಿರಿಯರು ತೋರಿದ ಹೊಸ ದಾರಿಯಲ್ಲಿ ವಿದ್ಯಾರ್ಥಿಯಾಗಿ ನಡೆದರು. ೧೯೧೨ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಮಹಾರಾಜಾ ಕಾಲೇಜಿನ ತೆಲುಗು ಪಂಡಿತರಾದರು. ೧೯೪೯ರವರೆಗೆ ಅಲ್ಲಿಯೇ ಪಾಠ ಹೇಳಿದರು.

ಕನ್ನಡದ ರಾಜಧಾನಿಯಲ್ಲಿ ತೆಲುಗು ಬೋಧಿಸುವ ಕೆಲಸವು ಹೊರನೋಟಕ್ಕೆ ದೊಡ್ಡ ಅಧಿಕಾರವಾಗಿ ಕಾಣುವಂಥದ್ದಲ್ಲ. ಆದರೆ ಆ ಕೆಲಸವನ್ನು ಮಾಡುತ್ತಲೇ ಅವರು ತಮ್ಮ ಬಾಳನ್ನು ಬೆಳೆಸಿಕೊಂಡ ರೀತಿಯನ್ನು ನೋಡಬೇಕು. ಸಂಗೀತವನ್ನು ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತರು. ಪ್ರಾಕೃತವನ್ನು ಅಭ್ಯಾಸ ಮಾಡಿ ಗಾಥಾಸಪ್ತಶತಿಯ ಸಾರವನ್ನು ತೆಲುಗಿಗೆ ತಂದರು. ಆಚಾರವಂತರಾದ ಶ್ರೀವೈಷ್ಣವ ವಿದ್ವಾಂಸರಾಗಿದ್ದರೂ, ಆಡುಮಾತಿನ ಕವಿಯಾದ ಯೋಗಿ ವೇಮನನನ್ನು ಕುರಿತು ೧೯೨೮ರಲ್ಲಿ ಆಳವಾದ ಉಪನ್ಯಾಸಗಳನ್ನು ಕೊಟ್ಟರು. ಕನ್ನಡದಲ್ಲಿ ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನಕಲೆ’ ಎಂಬ ಗ್ರಂಥಗಳನ್ನು ಬರೆದರು. ಮನೆಯಲ್ಲಿ ಒಂದು, ಕಚೇರಿಯಲ್ಲಿ ಒಂದು ಎಂದು ಎರಡು ಮಾತುಗಳ ನಡುವೆ ಬಾಳುವ ಗಡಿನಾಡಿನ ಮಕ್ಕಳು ತಮ್ಮದು ಎರಡರಲ್ಲೂ ಅರೆಕೊರೆಯೆಂದು ಕುಗ್ಗುವುದುಂಟು. ಶರ್ಮರ ಬಾಳು ಅದಕ್ಕೆ ಉತ್ತರವಾಗಿದೆ. ಎರಡು ಭಾಷೆಗಳು ಎರಡು ಕೊರತೆಗಳಲ್ಲ. ಕಲಿಯುವವನಿಗೆ ಅವು ಎರಡು ಕಣ್ಣುಗಳು.

ವಿಶ್ರಾಂತಿಯ ಕಾಲದಲ್ಲಿ ಹೊಸ ಪಾಠ

ನಿವೃತ್ತಿಯಾದ ಮೇಲೆ ಮನುಷ್ಯನ ಬೆಳವಣಿಗೆ ಮುಗಿಯಿತೆಂದು ಲೋಕವು ಭಾವಿಸುತ್ತದೆ. ಶರ್ಮರು ಇಂದು ಮನೆಮನೆಯಲ್ಲಿ ಸ್ಮರಣೀಯರಾಗಿರುವುದು ನಿವೃತ್ತಿಯ ಅನಂತರ ಆರಂಭಿಸಿದ ಕಾರ್ಯದಿಂದ. ೧೫ನೆಯ ಶತಮಾನದ ತಾಳ್ಲಪಾಕ ಅನ್ನಮಾಚಾರ್ಯರು ತಿರುವೇಂಗಡನಾಥನ ಮೇಲೆ ರಚಿಸಿದ ಸಾವಿರಾರು ಸಂಕೀರ್ತನೆಗಳನ್ನು ತಾಮ್ರದ ಹಲಗೆಗಳ ಮೇಲೆ ಕೆತ್ತಿಸಿ, ತಿರುಮಲೆಯ ದೇವಾಲಯದೊಳಗಿನ ಒಂದು ಕಲ್ಲಿನ ಕೋಣೆಯಲ್ಲಿ ಇರಿಸಲಾಗಿತ್ತು. ಶತಮಾನಗಳು ಉರುಳಿದುವು. ೧೯೨೨ರಲ್ಲಿ ಆ ಹಲಗೆಗಳು ಬೆಳಕಿಗೆ ಬಂದುವು. ವೇಟೂರಿ ಪ್ರಭಾಕರ ಶಾಸ್ತ್ರಿಗಳಂಥ ವಿದ್ವಾಂಸರು ಅವನ್ನು ಓದಿ ಪ್ರಕಟಿಸುವ ಕಾರ್ಯದಲ್ಲಿ ದುಡಿದರು. ೧೯೫೦ರಲ್ಲಿ ಶಾಸ್ತ್ರಿಗಳು ದಿವಂಗತರಾದ ಮೇಲೆ ಆ ಹೊಣೆಯನ್ನು ತಿರುಪತಿಯಲ್ಲಿ ಹೊತ್ತವರು ಅನಂತಕೃಷ್ಣ ಶರ್ಮರು. ಆಗ ಅವರ ವಯಸ್ಸು ಐವತ್ತೇಳು.

ಕೆಲಸವು ಸುಲಭವಾಗಿರಲಿಲ್ಲ. ಹಲಗೆಗಳಲ್ಲಿ ಪದವಿತ್ತು, ರಾಗದ ಹೆಸರಿತ್ತು. ಆದರೆ ಸ್ವರಲಿಪಿ ಇರಲಿಲ್ಲ. ಹಾಡುವ ಪರಂಪರೆಯೂ ಕಡಿದುಹೋಗಿದ್ದಿತು. ಪಾಠವನ್ನು ಶುದ್ಧಪಡಿಸಲು ಪಂಡಿತನು ಬೇಕು, ಹಾಡಿಸಲು ಗಾಯಕನು ಬೇಕು. ಇಬ್ಬರೂ ಒಬ್ಬರಲ್ಲಿಯೇ ಇದ್ದುದು ನಾಡಿನ ಪುಣ್ಯ. ಶರ್ಮರು ಪಾಠವನ್ನು ಪರಿಷ್ಕರಿಸಿದರು. ನೂರರಷ್ಟು ಕೀರ್ತನೆಗಳಿಗೆ ಸ್ವರಸಂಯೋಜನೆ ಮಾಡಿದರು. ಮೈಸೂರಿನಲ್ಲಿ ಬಿಡುವಿನ ವೇಳೆಯಲ್ಲಿ ಕಲಿತ ಸಂಗೀತವು ಯಾವ ಬಡ್ತಿಗೂ ಉಪಯೋಗಕ್ಕೆ ಬರುವಂತೆ ಕಂಡಿರಲಿಲ್ಲ. ದಶಕಗಳ ಮೇಲೆ ಅದು ವೇಂಕಟೇಶ್ವರನ ಸೇವೆಗೆ ಒದಗಿತು. ಕಲಿತದ್ದು ಯಾವಾಗ ಕೈಗೂಡುವುದೆಂದು ಯಾರು ಬಲ್ಲರು? ಸಂಗೀತ ನಾಟಕ ಅಕಾಡೆಮಿಯ ಗೌರವ ಸದಸ್ಯತ್ವವು ೧೯೭೦ರಲ್ಲಿ, ಮದರಾಸಿನ ಸಂಗೀತ ವಿದ್ವತ್ಸಭೆಯ ‘ಸಂಗೀತ ಕಲಾನಿಧಿ’ ಪ್ರಶಸ್ತಿಯು ೧೯೭೪ರಲ್ಲಿ ಬಂದುವು. ಶರ್ಮರು ೧೯೭೯ರಲ್ಲಿ ದಿವಂಗತರಾದರು. ಮನ್ನಣೆಗಳು ಬಂದಾಗ ಅವರಿಗೆ ಎಪ್ಪತ್ತೈದು ದಾಟಿದ್ದಿತು. ಅವು ಬಾರದಿದ್ದರೂ ಕೀರ್ತನೆಗಳ ಬೆಲೆ ಕುಂದುತ್ತಿರಲಿಲ್ಲ.

ಇನ್ನು ಪರೀಕ್ಷೆಯ ಮಾತು. ಮುಳುಬಾಗಿಲಿನಲ್ಲಿ ೧೮೮೭ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂಬುದು ಪ್ರಸಿದ್ಧ ಸಂಗತಿ. ಆ ಬಾಗಿಲು ಮುಚ್ಚಿದ ಮೇಲೂ ಓದು ನಿಲ್ಲಲಿಲ್ಲ. ಪತ್ರಿಕೆಯಲ್ಲಿ ದುಡಿದರು, ಗ್ರಂಥಗಳನ್ನು ಬರೆದರು, ‘ಮಂಕುತಿಮ್ಮನ ಕಗ್ಗ’ವನ್ನು ಕೊಟ್ಟರು. ೧೯೬೧ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಡಾಕ್ಟರ್ ಪದವಿಯನ್ನಿತ್ತು ಅವರನ್ನು ಗೌರವಿಸಿತು. ಗೀತೆಯನ್ನು ಕುರಿತ ಅವರ ಮಹಾಗ್ರಂಥಕ್ಕೆ ೧೯೬೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತಾಗ ಅವರು ಎಂಬತ್ತರ ಹಿರಿಯರು.

ಸಾಮಾನ್ಯರ ಸಾಧನೆ

ಇವರೆಲ್ಲ ಮಹನೀಯರು, ಪ್ರತಿಭಾವಂತರು. ಹೊಲಗದ್ದೆಗಳಲ್ಲಿ ದುಡಿಯುವ ಸಾಮಾನ್ಯರಿಗೆ ಇದರಿಂದೇನು ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಪ್ರತಿಭೆಯನ್ನು ಎರವಲು ತರಲಾಗದು. ಆದರೆ ಮನೋಧರ್ಮವನ್ನು ಅಭ್ಯಾಸದಿಂದ ಪಡೆಯಬಹುದು. ಚಂಚಲವಾದ ಮನಸ್ಸನ್ನು ಅಭ್ಯಾಸದಿಂದಲೂ ವೈರಾಗ್ಯದಿಂದಲೂ ಹಿಡಿಯಬಹುದೆಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಅರ್ಜುನನಿಗೆ ಭರವಸೆಯಿತ್ತಿದ್ದಾನೆ. ಇಲ್ಲಿ ಅಭ್ಯಾಸವೆಂದರೆ ದಿನದಿನವೂ ಬಿಡದೆ ಮಾಡುವ ಪ್ರಯತ್ನ. ವೈರಾಗ್ಯವೆಂದರೆ ನೆರೆಯವನ ಸಂಪತ್ತಿನೊಡನೆ ತನ್ನ ಬಾಳನ್ನು ತೂಗುವ ಚಟವನ್ನು ಬಿಡುವುದು.

ಹಾಗೆಂದು ಸಂಪಾದನೆಯನ್ನು ತಿರಸ್ಕರಿಸಬೇಕೆಂದಲ್ಲ. ಅರ್ಥವೂ ಪುರುಷಾರ್ಥಗಳಲ್ಲಿ ಒಂದು. ಸಾಲ ತೀರಬೇಕು, ಮಕ್ಕಳು ಉಣ್ಣಬೇಕು, ಓದಬೇಕು. ಆದರೆ ಸಂಪಾದನೆಯು ಬಾಳಿನ ಸಾಧನ, ಬಾಳಿನ ತೀರ್ಪಲ್ಲ. ಮೊಮ್ಮಗಳ ಪಕ್ಕದಲ್ಲಿ ಕುಳಿತು ಅಕ್ಷರ ತಿದ್ದುವ ಅಜ್ಜಿ, ಅರುವತ್ತರಲ್ಲಿ ಭಜನೆಯ ತಾಳವನ್ನು ಸರಿಯಾಗಿ ಕಲಿಯುವ ಯಜಮಾನ, ಕಳೆದ ವರ್ಷದ ತಪ್ಪನ್ನು ತಿಳಿದು ಈ ವರ್ಷ ನೀರನ್ನು ಮಿತವಾಗಿ ಬಳಸುವ ರೈತ, ನಪಾಸಾದ ವಿಷಯವನ್ನು ನಾಚದೆ ಮತ್ತೆ ಓದುವ ಹುಡುಗ, ಇವರೆಲ್ಲರೂ ಬೆಳೆಯುತ್ತಿರುವವರೇ. ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ನಿನ್ನೆ ತಿಳಿಯದಿದ್ದುದು ಇಂದು ಏನು ತಿಳಿಯಿತು? ಇಂದಿನ ದುಡಿಮೆಯಿಂದ ಇನ್ನೊಬ್ಬರಿಗೆ ಏನು ಒದಗಿತು? ಮಕ್ಕಳನ್ನೂ ‘ಎಷ್ಟು ಅಂಕ ಬಂತು?’ ಎಂದು ಕೇಳುವ ಮುನ್ನ ‘ಏನು ಕಲಿತೆ?’ ಎಂದು ಕೇಳುವ ಮನೆಯಲ್ಲಿ ಸೋಲು ಶಾಪವಾಗದೆ ಗುರುವಾಗುತ್ತದೆ.

ಜೀರ್ಣೋದ್ಧಾರದ ಪಾಠ

ಅಮರಾಪುರದ ೧೨೭೮ರ ಶಾಸನವೊಂದು ಈ ಸಂದರ್ಭದಲ್ಲಿ ಸ್ಮರಣೀಯ. ತೈಲಂಗೆರೆಯ ಪ್ರಸನ್ನ ಪಾರ್ಶ್ವದೇವರ ಜಿನಾಲಯಕ್ಕೆ ಮಲ್ಲಿಸೆಟ್ಟಿ ಎಂಬ ಶ್ರಾವಕನು ೨೦೦೦ ಅಡಕೆಮರಗಳನ್ನು ದತ್ತಿಯಾಗಿ ಬಿಟ್ಟನು. ಅವುಗಳ ಆದಾಯದಿಂದ ದೇವಾಲಯವನ್ನು ತಳಹದಿಯಿಂದ ಕಲಶದವರೆಗೆ ಕಲ್ಲಿನಲ್ಲಿ ಕಟ್ಟಬೇಕೆಂಬುದು ಆ ದತ್ತಿಯ ಉದ್ದೇಶ. ದಾನಿಯು ಒಮ್ಮೆ ಕೊಟ್ಟು ಮುಗಿಯುವ ಹಣದ ಗಂಟನ್ನು ಕೊಡಲಿಲ್ಲ. ವರ್ಷವರ್ಷವೂ ಫಲ ಬಿಡುವ ಮರಗಳನ್ನು ಕೊಟ್ಟನು. ಮರ ಬೆಳೆದಂತೆ ಗುಡಿ ಬೆಳೆಯಬೇಕು.

ಬಾಳೂ ಅಂತಹುದೇ ಒಂದು ದೇವಾಲಯ. ಬಿರುಕು ಬಿಟ್ಟ ಗೋಡೆಯನ್ನು ಕಂಡು ಗುಡಿಯನ್ನು ತೊರೆದುಹೋಗುವವನು ಭಕ್ತನಲ್ಲ. ಕಲ್ಲು ಹೊತ್ತು ತಂದು ಸರಿಪಡಿಸುವವನೇ ಭಕ್ತ. ಹಾಗೆಯೇ ಸೋಲಿನ ಬಿರುಕನ್ನು ಕಂಡು ತನ್ನನ್ನು ತಾನೇ ಕೈಬಿಡದೆ, ದಿನವೂ ಒಂದು ಕಲ್ಲನ್ನು ಸೇರಿಸುತ್ತ ಹೋಗುವವನ ಬಾಳು ಸಾರ್ಥಕ. ಕಲಶವಿಡುವ ಭಾಗ್ಯ ತನಗೇ ದೊರೆಯಲಿ, ಮುಂದಿನವರಿಗೆ ದೊರೆಯಲಿ, ಕಟ್ಟುವ ಕೈ ನಿಲ್ಲದಿರಲಿ. ಗುಡಿಯ ಜೀರ್ಣೋದ್ಧಾರದೊಡನೆ ಮನಸ್ಸುಗಳ ಜೀರ್ಣೋದ್ಧಾರವೂ ನೆರವೇರುವಂತೆ ಭಗವಂತನು ಸಕಲರನ್ನೂ ಅನುಗ್ರಹಿಸಲಿ. ಶುಭಮಸ್ತು.