ಮರದಲ್ಲಿ ಗುಂಡುತಳದ ಕಾಲುವೆ: ಯಾವ ಬಿಟ್ ಸರಿ?

ನೆರಳಿಗೆಂದು ನೆಟ್ಟ ಸಿಲ್ವರ್ ಓಕ್, ಹಿತ್ತಲ ಹಲಸು, ಬೇಲಿಯಂಚಿನ ಸಾಗುವಾನಿ ಇವುಗಳನ್ನು ಕೊಯ್ಯಿಸಿ ಮನೆಯ ಕಿಟಕಿ ಬಾಗಿಲಿಗೆ ಬಳಸುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಈಗ ಆಚಾರಿಗಳ ಕೈಗೆ ವಿದ್ಯುತ್ ರೂಟರ್ ಬಂದಿದೆ. ಉಳಿಯಲ್ಲಿ ಅರ್ಧ ದಿನ ಕೆತ್ತಬೇಕಾಗಿದ್ದ ಕಾಲುವೆ ಅದರಲ್ಲಿ ಕೆಲವೇ ನಿಮಿಷಗಳ ಕೆಲಸ. ಹಲಗೆ ಹಾಳಾಗುವುದೂ ಅಷ್ಟೇ ಬೇಗ. ಹಾಗೆ ಹಾಳಾದಾಗ ದೋಷ ಹೆಚ್ಚಾಗಿ ಯಂತ್ರದ್ದಲ್ಲ, ಅದಕ್ಕೆ ಸಿಕ್ಕಿಸಿದ ಬಿಟ್ಟಿನದು.

ಮೊದಲು ಕಾಲುವೆ ಯಾತಕ್ಕೆ ಬೇಕು ಎಂಬುದನ್ನು ನೋಡೋಣ. ಮಲೆನಾಡಿನ ಮನೆಗೆ ಇದರ ಮುಖ್ಯ ಉಪಯೋಗ ಕಿಟಕಿಯ ಕೆಳಹಲಗೆಯ ಅಡಿಭಾಗದಲ್ಲಿ. ಮಳೆನೀರು ಹಲಗೆಯ ಅಂಚಿನಿಂದ ಕೆಳಗೆ ಬೀಳದೆ ಅಡಿಮೈಗೆ ಅಂಟಿಕೊಂಡು ಒಳಕ್ಕೆ ಹರಿದು ಗೋಡೆ ಸೇರುತ್ತದೆ. ಹೊರ ಅಂಚಿನಿಂದ ಸುಮಾರು 15 ಮಿ.ಮೀ. ಒಳಗೆ ಉದ್ದಕ್ಕೂ ಒಂದು ಕಾಲುವೆ ತೋಡಿದರೆ ನೀರು ಅದನ್ನು ದಾಟಲಾರದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ತಳ ಗುಂಡಾಗಿದ್ದರೆ ಬಣ್ಣ ಎಲ್ಲ ಕಡೆಯೂ ಸಮನಾಗಿ ಕೂರುತ್ತದೆ; ಚೌಕತಳದ ಮೂಲೆಗಳಲ್ಲಿ ಬಣ್ಣ ಬಿರಿದು ತೇವ ಒಳಹೊಗುವ ಭಯವಿಲ್ಲ. ಕಾಲುವೆಯ ಬಾಯಂಚು ಮಾತ್ರ ಚೂಪಾಗಿಯೇ ಇರಲಿ, ಅದನ್ನು ಉಜ್ಜಿ ನುಣುಪು ಮಾಡಬಾರದು.

ಇದಕ್ಕೆ ಬೇಕಾದದ್ದು ಕೋರ್ ಬಾಕ್ಸ್ ಬಿಟ್. ರೌಂಡ್ ನೋಸ್ ಎಂದು ಕೇಳಿದರೂ ಅಂಗಡಿಯವರು ಇದನ್ನೇ ಕೊಡುತ್ತಾರೆ. ತುದಿ ಅರ್ಧಗೋಲದಂತಿದ್ದು ಅದರಲ್ಲಿ ಬೇರಿಂಗ್ ಇರುವುದಿಲ್ಲ. ಇದನ್ನೇ ಹೋಲುವ ಕೋವ್ ಬಿಟ್ಟಿನ ತುದಿಯಲ್ಲಿ ಬೇರಿಂಗ್ ಇರುತ್ತದೆ. ಅದು ಹಲಗೆಯ ಅಂಚನ್ನು ಕಾಲುವೃತ್ತದಂತೆ ಒಳಕ್ಕೆ ಕೊರೆಯುತ್ತದೆಯೇ ಹೊರತು ಹಲಗೆಯ ನಡುವೆ ಇಳಿಯಲಾರದು. ರೌಂಡ್ ಓವರ್ ಬಿಟ್ ಅಂಚನ್ನು ಉಬ್ಬಾಗಿ ಗುಂಡು ಮಾಡುವಂಥದು, ನಮ್ಮ ಕೆಲಸಕ್ಕಲ್ಲ. ತಟ್ಟೆಯಂತೆ ತಳ ಚಪ್ಪಟೆಯಾಗಿದ್ದು ಮೂಲೆ ಮಾತ್ರ ಗುಂಡಾಗಬೇಕಾದರೆ ಬೌಲ್ ಅಂಡ್ ಟ್ರೇ ಬಿಟ್ ಕೊಳ್ಳಬೇಕು.

ಅಳತೆಯಲ್ಲಿ ಒಂದು ಸೂಕ್ಷ್ಮವಿದೆ. 12 ಮಿ.ಮೀ. ಬಿಟ್ 12 ಮಿ.ಮೀ. ಅಗಲದ ಕಾಲುವೆ ಕೊಡುವುದು ಅದರ ಅರ್ಧದಷ್ಟು, ಅಂದರೆ 6 ಮಿ.ಮೀ. ಆಳಕ್ಕೆ ಇಳಿಸಿದಾಗ ಮಾತ್ರ. 3 ಮಿ.ಮೀ. ಇಳಿಸಿದರೆ ಬಾಯಿಯ ಅಗಲ ಸುಮಾರು 10.4 ಮಿ.ಮೀ. ಆದೀತು. 6 ಮಿ.ಮೀ.ಗಿಂತ ಆಳಕ್ಕೆ ಹೋದರೆ ಪಕ್ಕಗಳು ನೇರವಾಗಿ ನಿಂತು ತಳ ಮಾತ್ರ ಗುಂಡಾಗುತ್ತದೆ. ಆದ್ದರಿಂದ ಬಿಟ್ ಕೊಳ್ಳುವ ಮೊದಲೇ ಅಗಲ, ಆಳ ಎರಡನ್ನೂ ನಿಶ್ಚಯಿಸಿಕೊಳ್ಳಬೇಕು. ಕಿಟಕಿಯ ಕೆಲಸಕ್ಕೆ 8 ಮಿ.ಮೀ. ಬಿಟ್ಟನ್ನು 4 ಮಿ.ಮೀ. ಆಳಕ್ಕೆ ಇಳಿಸಿದರೆ ಧಾರಾಳವಾಯಿತು.

ಅಳತೆಗಿಂತ ಹೆಚ್ಚು ಎಚ್ಚರ ಬೇಕಾದದ್ದು ಬಿಟ್ಟಿನ ದಂಡಿನಲ್ಲಿ. ಪೇಟೆಯಲ್ಲಿ 6 ಮಿ.ಮೀ. ದಂಡಿನವೂ ಕಾಲಿಂಚು, ಅಂದರೆ 6.35 ಮಿ.ಮೀ. ದಂಡಿನವೂ ಒಟ್ಟೊಟ್ಟಿಗೆ ಸಿಗುತ್ತವೆ. ಕಣ್ಣಿಗೆ ಎರಡೂ ಒಂದೇ. ಕಾಲಿಂಚಿನ ಕಾಲೆಟ್ಟಿಗೆ 6 ಮಿ.ಮೀ. ದಂಡು ಹಾಕಿದರೆ ಹಿಡಿತ ಸಾಲದೆ ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತಿನ ವೇಗದಲ್ಲಿ ಬಿಟ್ ಜಾರಿ ಹೊರಬರಬಹುದು. ಕಣ್ಣು ಕೈಗಳ ವಿಷಯ. ರೂಟರನ್ನೇ ಅಂಗಡಿಗೆ ಒಯ್ದು ಬಿಟ್ ಕೂರಿಸಿ ನೋಡುವುದರಲ್ಲಿ ಸಂಕೋಚವೇನಿಲ್ಲ.

ಬಾಯಿಗೆ ಕಾರ್ಬೈಡ್ ಹಚ್ಚಿದ್ದನ್ನೇ ಕೊಳ್ಳುವುದು ಲೇಸು. ಸಾಗುವಾನಿಯಲ್ಲಿರುವ ಮರಳಿನ ಅಂಶ ಬರಿ ಉಕ್ಕಿನ ಬಾಯನ್ನು ಬೇಗ ಮೊಂಡಾಗಿಸುತ್ತದೆ. ಅಡಿಕೆ ಮರದ ಹೊರ ನಾರಂತೂ ಮೊಂಡು ಬಿಟ್ಟಿಗೆ ಸೀಳಿ ಏಳುತ್ತದೆ. (ಮರ ಸೀಳಿ ತಿರುಳು ತೆಗೆದು ನೀರು ಹರಿಸುವ ನಮ್ಮ ಹಳೆಯ ದಂಬೆಗೆ ಯಾವ ಬಿಟ್ಟೂ ಬೇಕಿರಲಿಲ್ಲ ಎನ್ನುವುದು ಬೇರೆ ಮಾತು.) ಸಿಲ್ವರ್ ಓಕ್ ಮೃದುವಾದರೂ ಅದರ ಹುಡಿ ಕೆಲವರ ಮೈಗೆ ತುರಿಕೆ ತರುತ್ತದೆ; ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಗುಂಡು ಬಿಟ್ಟಿನ ನಟ್ಟನಡುವಿನ ತುದಿ ಹೆಚ್ಚುಕಡಿಮೆ ನಿಂತಲ್ಲೇ ತಿರುಗುವುದರಿಂದ ಅದು ಕೊಯ್ಯುವುದಕ್ಕಿಂತ ಉಜ್ಜುವುದೇ ಹೆಚ್ಚು. ಒಂದೇ ಸಲ ಆಳಕ್ಕೆ ಒತ್ತಿದರೆ ತಳ ಸುಟ್ಟು ಕಪ್ಪಾಗುತ್ತದೆ. ಒಂದು ಸಲಕ್ಕೆ 2 ಅಥವಾ 3 ಮಿ.ಮೀ. ಸಾಕು. ಕೊನೆಯ ಅರ್ಧ ಮಿ.ಮೀ.ಯನ್ನು ಉಳಿಸಿಕೊಂಡು ಎಲ್ಲಿಯೂ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆದರೆ ಮರಳುಕಾಗದದ ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ. ಹಲಗೆಯ ಮೇಲೆ ರೂಟರನ್ನು ಎದುರಿಗೆ ತಳ್ಳುವಾಗ ಅದು ಎಡಕ್ಕೆ ಎಳೆಯುತ್ತದೆ. ಆದ್ದರಿಂದ ಆಧಾರದ ನೇರಪಟ್ಟಿಯನ್ನು ಎಡಗಡೆಗೇ ಬಿಗಿಯಬೇಕು. ಬಲಕ್ಕೆ ಬಿಗಿದರೆ ಕಾಲುವೆ ಹಾವಿನಂತೆ ಹರಿಯುತ್ತದೆ.

ಹೆಗಲ ಮೇಲಿನ ಬೈರಾಸನ್ನು ತೆಗೆದಿಟ್ಟೇ ಯಂತ್ರ ಮುಟ್ಟಬೇಕು. ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿರಲಿ. ಮಳೆಗಾಲದಲ್ಲಿ ಕರೆಂಟು ನಡುವೆಯೇ ಹೋದರೆ ಮೊದಲು ಸ್ವಿಚ್ ಆರಿಸಿ, ಅದು ಮರಳಿ ಬಂದಾಗ ಹಲಗೆಯ ಮೇಲಿಟ್ಟ ರೂಟರ್ ತಾನಾಗಿ ಓಡತೊಡಗಬಹುದು.